ಮೂಲೆ ಕತ್ತರಿಸಿದ ಶೀಟು

"ಇದನ್ನು ಕೊಟ್ಟವನನ್ನು ದಾನಿ ಅಂತ ಹೇಳುದಾ, ಕಳ್ಳ ಅಂತ ಹೇಳುದಾ, ನೀವೇ ಹೇಳಿ ಮೋಹಿನಕ್ಕ."

ತ್ಯಾಂಪಣ್ಣ ರಬ್ಬರ್ ಶೀಟನ್ನು ಹೊಗೆಮನೆಯ ಬಾಗಿಲಿಗೆ ತಂದು ಬೆಳಕಿಗೆ ಹಿಡಿದರು. ಬೆಲ್ಲದ ಬಣ್ಣದ, ಮೈ ಒರೆಸುವ ಬೈರಾಸಿನಷ್ಟು ಅಗಲದ ಶೀಟು. ಅದರ ಒಂದು ಮೂಲೆಯನ್ನು ಯಾರೋ ಕತ್ತರಿಯಿಂದ ಒಪ್ಪವಾಗಿ ಕತ್ತರಿಸಿ ತೆಗೆದಿದ್ದರು.

ಹೊಗೆಗೆ ಮೋಹಿನಿಯ ಕಣ್ಣು ಉರಿಯುತ್ತಿತ್ತು. ಮೂವತ್ತಮೂರು ವರ್ಷ ಪೊಲೀಸ್ ಕೆಲಸ ಮಾಡಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದ ಹೆಂಗಸು ಹೀಗೆ ಹಾಡಹಗಲೇ ಕಣ್ಣೀರು ಸುರಿಸುವುದನ್ನು ಐವರ್ನಾಡಿನವರು ನೋಡಿದರೆ ಏನೆಂದುಕೊಂಡಾರು! ಅವಳು ಶಾಲಿನ ತುದಿಯಿಂದ ಮುಖ ಒರೆಸಿಕೊಂಡು ಉಳಿದ ಮೂರು ಶೀಟುಗಳನ್ನೂ ಕೇಳಿ ತೆಗೆದುಕೊಂಡಳು.

ಎರಡು ಶೀಟುಗಳಿಗೆ ಒಂದು ಮೂಲೆ ಇರಲಿಲ್ಲ. ಇನ್ನೆರಡಕ್ಕೆ ಎರಡು ಮೂಲೆ ಇರಲಿಲ್ಲ. ಅವಳು ಅದನ್ನು ಗಮನಿಸಿಟ್ಟುಕೊಂಡಳು.

ಎರಡು ವರ್ಷದ ಹಿಂದೆ ನೆಲ್ಲಿಮಜಲಿನ ಗುಡ್ಡೆ ಜರಿದಾಗ ಹೆಣವೂ ಸಿಗದೆ ಹೋದ ದುಗ್ಗಪ್ಪ ಎಲ್ಲೋ ಜೀವಂತ ಇದ್ದಾನೆಂದು ಪುತ್ತೂರಿನ ಪರಿಹಾರ ಸಮಿತಿಗೆ ಹೆಸರಿಲ್ಲದ ಕಾಗದವೊಂದು ಬಂದಿತ್ತು. ಬುಧವಾರದೊಳಗೆ ಅದು ಸುಳ್ಳೆಂದು ತೋರಿಸದಿದ್ದರೆ, ಅವನ ಹೆಂಡತಿ ದೇವಮ್ಮನಿಗೆ ಜನರ ದುಡ್ಡಿನಿಂದ ಕಟ್ಟಿಕೊಟ್ಟ ಮನೆ ಅವಳ ಕೈತಪ್ಪುತ್ತಿತ್ತು. ವಿಚಾರಿಸುವ ಕೆಲಸವನ್ನು ಸಮಿತಿ ಮೋಹಿನಿಗೆ ಒಪ್ಪಿಸಿತ್ತು. ಇವತ್ತು ಸೋಮವಾರ.

ಗುಡ್ಡೆ ಜರಿದ ವಾರವೇ ತ್ಯಾಂಪಣ್ಣ ತನ್ನ ರಬ್ಬರ್ ಅಂಗಡಿಯಲ್ಲಿ ಒಂದು ಕ್ರಮ ಹಾಕಿದ್ದರು. ಮಾರಲು ಬಂದ ಪ್ರತಿ ಮನೆಯವರು ಒಂದು ಶೀಟನ್ನು ಬೇರೆ ಇಡುವುದು. ಹೆಸರು ಹೇಳುವಂತಿಲ್ಲ, ರಶೀದಿ ಕೇಳುವಂತಿಲ್ಲ. ನೋಟು ಬಿಚ್ಚಲು ಕೈ ನಡುಗುವ ಮಹಾಶಯರಿಗೂ ಒಂದು ಶೀಟು ಇಡುವುದು ಕಷ್ಟವಾಗಲಿಲ್ಲ. ಮಂಗಳವಾರ ಸಮಿತಿಯ ಪರವಾಗಿ ವ್ಯಾನು ಬಂದು ರಾಶಿಯನ್ನು ಪುತ್ತೂರಿನ ದರ್ಬೆಗೆ ಒಯ್ಯುತ್ತಿತ್ತು. ಮಾರಿ ಬಂದದ್ದು ಮನೆ ಕಳೆದುಕೊಂಡ ಐದು ಕುಟುಂಬಗಳಿಗೆ ಹೋಗುತ್ತಿತ್ತು.

ಹೆಸರು ಹೇಳದಿದ್ದರೇನಂತೆ, ಶೀಟು ಹೇಳುತ್ತಿತ್ತು. ಹತ್ತಾರು ಮನೆಯವರು ಒಂದೇ ಹೊಗೆಮನೆಯಲ್ಲಿ ಶೀಟು ಒಣಗಿಸುವ ಊರು. ಅದಲು ಬದಲಾಗಬಾರದೆಂದು ಪ್ರತಿ ಮನೆಯವರೂ ಹಸಿ ಶೀಟಿನ ಮೂಲೆಗೆ ಆಣಿಯಿಂದ ತೂತು ಮಾಡಿ ತಮ್ಮ ಗುರುತು ಹಾಕುತ್ತಿದ್ದರು. ಒಬ್ಬರದ್ದು ಎರಡು ತೂತು, ಇನ್ನೊಬ್ಬರದ್ದು ಐದು.

"ಗುರುತಿನ ಮೂಲೆಯನ್ನೇ ತೆಗೆದಿದ್ದಾನೆ," ಎಂದಳು ಮೋಹಿನಿ.

"ಕದ್ದ ಮಾಲಾದರೆ ಗುರುತು ತೆಗೀತಾರೆ. ಆದರೆ ಕದ್ದು ತಂದು ದಾನ ಮಾಡುವ ಮಳ್ಳ ಯಾರು ಮಾರಾಯ್ರೆ?"

"ಇದು ನಿಮ್ಮ ರಾಶಿಯಲ್ಲಿ ಯಾವಾಗ ಸಿಕ್ಕಿದ್ದು?"

"ರಾಶಿಯಲ್ಲಿ ಅಲ್ಲ, ವ್ಯಾನಿನಲ್ಲಿ. ಕಳೆದ ಮಂಗಳವಾರ ನಾನೇ ನಿಂತು ಮೂವತ್ತೊಂದು ಶೀಟು ಹಾಕಿಸಿದ್ದೆ. ಕೆಳಗಿನ ತಿರುವಿನಲ್ಲಿ ವ್ಯಾನು ಪಂಕ್ಚರ್ ಆಯಿತು. ಶೀಟು ಇಳಿಸಿ ಪುನಃ ಹಾಕುವಾಗ ನೋಡಿದರೆ ಮೂವತ್ತೈದು ಉಂಟು!"

"ಡ್ರೈವರ್ ಎಂತ ಹೇಳಿದ?"

"ದೇವದಾಸನಾ? ಬೇರೆ ಅಂಗಡಿಯವರು ಕೊಟ್ಟದ್ದು ಅಂದ. ಈ ಕ್ರಮ ಇರುದು ನನ್ನಲ್ಲಿ ಮಾತ್ರ. ಬೇರೆ ಯಾವ ಅಂಗಡಿ? ನಾಲ್ಕನ್ನು ಇಲ್ಲಿಯೇ ಇಟ್ಟುಕೊಂಡೆ. ಅವ ಮುಖ ಸಣ್ಣ ಮಾಡಿಕೊಂಡು ಹೋದ." ತ್ಯಾಂಪಣ್ಣ ದನಿ ತಗ್ಗಿಸಿದರು. "ಸತ್ಯ ಹೇಳ್ತೇನೆ. ದರ್ಬೆಯಿಂದ ಬರುವ ಚೀಟಿಯಲ್ಲಿ ಮೊದಲಿನಿಂದಲೂ ಎರಡು ಶೀಟು ಹೆಚ್ಚು ಇರ್ತಿತ್ತು. ಈಗ ಆರು ತಿಂಗಳಿಂದ ನಾಲ್ಕು. ಕಡಿಮೆ ಬಂದರೆ ಜಗಳ ಮಾಡಬಹುದು. ಹೆಚ್ಚು ಬಂದದ್ದಕ್ಕೆ ಯಾರ ಕುತ್ತಿಗೆ ಹಿಡಿಯುದು?"

ಮೋಹಿನಿ ಶೀಟನ್ನು ಮತ್ತೆ ಬೆಳಕಿಗೆ ಹಿಡಿದಳು. ರಬ್ಬರ್ ಹಾಲಿನ ಹೆಪ್ಪನ್ನು ಶೀಟು ಮಾಡುವ ಮೆಷಿನಿನ ರೋಲರ್ ಒತ್ತಿದ ಓರೆ ಗೆರೆಗಳು ಒಂದರ ಪಕ್ಕ ಒಂದು ಸಾಲಾಗಿ ಹೋಗಿದ್ದವು. ಒಂದು ಕಡೆ ಮಾತ್ರ ಹೆಬ್ಬೆರಳಿನ ಉಗುರಿನಷ್ಟು ಜಾಗ ಬೋಳಾಗಿತ್ತು. ಒಂದು ಗೇಣು ಕೆಳಗೆ ಮತ್ತೆ ಅಷ್ಟೇ ಬೋಳು. ಅದರ ಕೆಳಗೆ ಮತ್ತೊಂದು. ನಾಲ್ಕು ಶೀಟುಗಳಲ್ಲೂ ಹಾಗೆಯೇ ಇತ್ತು.

"ಇದು ಎಂತ ತ್ಯಾಂಪಣ್ಣ?"

ಅವರು ಕನ್ನಡಕ ಏರಿಸಿ ನೋಡಿದರು. "ರೋಲರಿನ ಹಲ್ಲು ಮುರಿದಿದೆ. ಒಂದು ಸುತ್ತಿಗೊಮ್ಮೆ ಆ ಜಾಗದಲ್ಲಿ ಗೆರೆ ಬೀಳುದಿಲ್ಲ." ಬೆರಳಿನಿಂದ ಸವರಿದವರು ಸಟ್ಟನೆ ಕೈ ತೆಗೆದರು. "ಈ ಮೆಷಿನಿನ ಶೀಟು ನಾನು ಮೊದಲು ನೋಡಿದ್ದೇನೆ ಮೋಹಿನಕ್ಕ."

"ಯಾರದ್ದು?"

"ನಾನು ಹೇಳುದಿಲ್ಲ. ನನ್ನ ಬಾಯಿಂದ ಬಂದದ್ದು ಸುಳ್ಳಾದರೆ ಒಬ್ಬಳ ಮನೆ ಹೋಗ್ತದೆ. ಒಂದು ಶೀಟು ತಗೊಂಡು ಹೋಗಿ ದೇವಮ್ಮನಿಗೆ ತೋರಿಸಿ."

*

ದೇವಮ್ಮನ ಮನೆಯಿದ್ದ ಕಡಬದ ದಾರಿಯಲ್ಲಿ ಸ್ಕೂಟರ್ ಓಡಿಸುತ್ತಾ ಮೋಹಿನಿಗೆ ತನ್ನ ಪರ್ಸಿನಲ್ಲಿದ್ದ ಒಂದು ರಶೀದಿ ನೆನಪಾಯಿತು.

ಗುಡ್ಡೆ ಜರಿದಾಗ ಅವಳೂ ಒಂದು ತಿಂಗಳ ಪಿಂಚಣಿ ಕೊಟ್ಟಿದ್ದಳು. ದರ್ಬೆಯ ಸಮಿತಿ ಕಚೇರಿಯಲ್ಲಿ ಕೂತಿದ್ದ ಹುಡುಗಿ, "ಯಾರ ನೆನಪಿಗೆ ಅಂತ ಬರೀಲಿ ಆಂಟಿ?" ಎಂದು ಕೇಳಿದ್ದಳು. ಎಲ್ಲರೂ ತೀರಿಹೋದ ಅಪ್ಪನ, ಅತ್ತೆಯ, ಗಂಡನ ಹೆಸರು ಹೇಳುತ್ತಿದ್ದರು. ಮೋಹಿನಿಗೆ ಮದುವೆಯಾಗಿರಲಿಲ್ಲ. ಹಿರಿಯರ ತರವಾಡು ಮನೆಯಲ್ಲಿ ಪಾಲಾದ ಮೇಲೆ ಅಣ್ಣಂದಿರ ಜೊತೆ ಮಾತಿರಲಿಲ್ಲ. "ಯಾರೂ ಇಲ್ಲ ಮಗಾ," ಎಂದು ಹೊರಗೆ ಬಂದಿದ್ದಳು. ಮನೆಗೆ ಬಂದು ನೋಡಿದರೆ ಆ ಪುಣ್ಯಾತ್ಗಿತ್ತಿ ಖಾಲಿ ಜಾಗ ಬಿಡಬಾರದೆಂದು ಅಲ್ಲಿಯೂ ಇವಳ ಹೆಸರನ್ನೇ ಬರೆದಿದ್ದಳು. ಮೋಹಿನಿಯವರ ಸ್ಮರಣಾರ್ಥ, ಮೋಹಿನಿಯವರಿಂದ.

ಮೊದಲು ಒಬ್ಬಳೇ ಕೂತು ನಕ್ಕಿದ್ದಳು. ಆಮೇಲೆ ನಗು ನಿಂತಿತು. ಹರಿದು ಬಿಸಾಡಲು ಮನಸ್ಸಾಗದೆ ಪರ್ಸಿನಲ್ಲಿಟ್ಟುಕೊಂಡಿದ್ದಳು. ತನ್ನನ್ನು ಯಾರಾದರೂ ನೆನಪಿಟ್ಟುಕೊಂಡ ಕಾಗದ ಅದೊಂದೇ ಆಗಿತ್ತು.

ಸಮಿತಿ ಕಟ್ಟಿಕೊಟ್ಟ ಐದು ಮನೆಗಳು ರಸ್ತೆಯ ಬದಿಗೆ ಸಾಲಾಗಿ ನಿಂತಿದ್ದವು. ಎಲ್ಲದಕ್ಕೂ ಒಂದೇ ನೀಲಿ ಬಣ್ಣ. ಪ್ರತಿ ಮನೆಯ ಎದುರು ಗೋಡೆಗೆ ಒಂದು ಕಪ್ಪು ಕಲ್ಲು, ಅದರ ಮೇಲೆ ಚಿನ್ನದ ಅಕ್ಷರದಲ್ಲಿ ಹಣ ಕೊಟ್ಟವರ ಹೆಸರುಗಳು. ದೇವಮ್ಮನ ಗೋಡೆಯಲ್ಲಿ ಹನ್ನೆರಡು ಹೆಸರಿದ್ದವು. ದೇವಮ್ಮನ ಹೆಸರು ಎಲ್ಲಿಯೂ ಇರಲಿಲ್ಲ.

"ನೆಂಟರು ಬಂದರೆ ಮೊದಲು ಇದನ್ನು ಓದಿ ಮುಗಿಸಬೇಕು, ಮತ್ತೆ ಒಳಗೆ ಬರಬೇಕು," ಎಂದು ನಗುತ್ತಾ ದೇವಮ್ಮ ನೀರು, ಬೆಲ್ಲ ತಂದಿಟ್ಟಳು. ನಲವತ್ತಾರು ವರ್ಷದ ಗಟ್ಟಿ ಹೆಂಗಸು. ಮಗಳು ಯಶಸ್ವಿ ಪುತ್ತೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. "ಪಾಪ, ಕೊಟ್ಟವರ ಹೆಸರು ಬರೆದದ್ದರಲ್ಲಿ ತಪ್ಪಿಲ್ಲ. ಬೆಳಿಗ್ಗೆ ಗುಡಿಸುವಾಗ ಒಬ್ಬೊಬ್ಬರ ಹೆಸರೂ ಓದ್ತೇನೆ. ಮಾತಾಡ್ಲಿಕ್ಕೆ ಬೇರೆ ಯಾರಿದ್ದಾರೆ ಇಲ್ಲಿ?"

ಮೋಹಿನಿ ಚೀಲದಿಂದ ಶೀಟು ತೆಗೆದು ಅವಳ ಮಡಿಲಿಗೆ ಹಾಕಿದಳು.

ದೇವಮ್ಮ ಅದನ್ನು ಮಡಚಿ ನೋಡಿದಳು, ಮೂಸಿದಳು. ಅಂಗೈಯಿಂದ ಸವರಿದಳು. ಬೋಳು ಜಾಗಕ್ಕೆ ಬಂದಾಗ ಕೈ ನಿಂತಿತು. ಒಂದು ಗೇಣು ಕೆಳಗೆ ಹೋಯಿತು, ಅಲ್ಲಿಯೂ ನಿಂತಿತು.

"ಇದು ನಮ್ಮ ಮೆಷಿನ್," ಎಂದಳು.

"ಸರಿಯಾಗಿ ನೋಡಿ ಹೇಳಿ ದೇವಮ್ಮ."

"ನೋಡ್ಲಿಕ್ಕೆ ಎಂತ ಉಂಟು? ಹತ್ತೊಂಬತ್ತು ವರ್ಷ ಶೀಟು ಹಿಡಿದ ಕೈ ಇದು. ನಾನು ಹಿಡಿಯುದು, ಇವರು ತಿರುಗಿಸುದು. ಒಂದು ದಿವಸ ನನ್ನ ಸ್ಟೀಲಿನ ಬಳೆ ಶೀಟಿನ ಒಟ್ಟಿಗೆ ಒಳಗೆ ಹೋಯಿತು. ಇವರು ಹಿಡಿಕೆ ಹಿಂದೆ ತಿರುಗಿಸಿದರು. ಬಳೆ ಹೋಯಿತು, ರೋಲರಿನ ಹಲ್ಲು ಹೋಯಿತು, ಕೈ ಉಳಿಯಿತು. ರಿಪೇರಿ ಮಾಡಿಸುವ ಅಂದರೆ ಕೇಳಲಿಲ್ಲ. ಇರಲಿ, ನಿನ್ನ ಕೈ ಉಳಿದ ಗುರುತು ಅಂದರು."

"ಆ ಮೆಷಿನ್ ಎಲ್ಲಿತ್ತು?"

"ಮನೆಯ ಹಿಂದಿನ ಶೆಡ್ಡಿನಲ್ಲಿ. ಯಶಸ್ವಿಗೆ ಡೆಂಗ್ಯೂ ಅಂತ ನಾನು ಪುತ್ತೂರು ಆಸ್ಪತ್ರೆಯಲ್ಲಿದ್ದೆನಲ್ಲ. ಬರುವಾಗ ಮನೆ ಇರಲಿಲ್ಲ, ಶೆಡ್ಡೂ ಇರಲಿಲ್ಲ. ಒಂಬತ್ತು ದಿವಸ ಮಣ್ಣು ತೆಗೆದರು. ಇವರೂ ಸಿಗಲಿಲ್ಲ, ನಾಯಿ ಬೊಳ್ಳುವೂ ಸಿಗಲಿಲ್ಲ."

"ನಿಮ್ಮ ಮನೆಯ ಗುರುತು ಎಂತದ್ದು?"

"ಸಾಲಾಗಿ ಮೂರು ತೂತು, ಅದರ ಕೆಳಗೆ ಒಂದು. ಮೂರು ನಾವು ಮೂವರು. ಕೆಳಗಿನದ್ದು ಬೊಳ್ಳು." ದೇವಮ್ಮನ ಮುಖದಲ್ಲಿ ನಗು ಬಂತು. "ನಾಯಿಯನ್ನೂ ರೇಶನ್ ಕಾರ್ಡಿಗೆ ಸೇರಿಸುವವರೇ ಇವರು. ಹಂದಿ ತಿವಿದು ಬೊಳ್ಳುವಿನ ಗಂಟಲು ಹೋಗಿತ್ತು ಪಾಪ. ಬೊಗಳಿದರೆ ಮುದುಕ ಕೆಮ್ಮಿದ ಹಾಗೆ ಕೇಳ್ತಿತ್ತು. ಬಂದವರು ಹೆದರುದು ಬಿಟ್ಟು ನಗುದು."

ಮುಂದಿನ ಮಾತು ಹೇಳಲು ಮೋಹಿನಿಗೆ ಮನಸ್ಸಿರಲಿಲ್ಲ. ಹೇಳದೆ ಉಪಾಯವಿರಲಿಲ್ಲ.

"ದೇವಮ್ಮ, ಮೆಷಿನ್ ಮಣ್ಣಿನಡಿಗೆ ಬೀಳಲಿಲ್ಲ ಅಂತಾದರೆ ಗುಡ್ಡೆ ಜರಿಯುವ ಮೊದಲೇ ಹೊರಗೆ ಹೋಗಿದೆ. ಮೆಷಿನಿನ ಒಟ್ಟಿಗೆ ಮನುಷ್ಯನೂ ಹೋದ ಅಂತ ನಾಳೆ ಜನ ಹೇಳ್ತಾರೆ. ಸಮಿತಿಯ ತಿರುಮಲೇಶ್ವರ ಮೇಷ್ಟ್ರು ಒಳ್ಳೆಯವರು. ಆದರೆ ಹತ್ತು ಜನರ ದುಡ್ಡು, ಅವರು ಉತ್ತರ ಕೊಡಬೇಕಲ್ಲ. ನಾನು ಇದನ್ನು ಇಲ್ಲಿಗೇ ಬಿಟ್ಟರೆ ನಿಮ್ಮ ಮನೆ ಉಳಿದೀತು."

ದೇವಮ್ಮ ಶೀಟನ್ನು ನೀಟಾಗಿ ಮಡಚಿ ವಾಪಸು ಕೊಟ್ಟಳು.

"ಎರಡು ವರ್ಷ ಆಯಿತು ಅಕ್ಕ. ಉತ್ತರಕ್ರಿಯೆ ಮಾಡಲಿಲ್ಲ, ಕರಿಮಣಿ ತೆಗೀಲಿಲ್ಲ. ಮದುವೆಮನೆಗೆ ಹೋದರೆ ಕುಂಕುಮ ಕೊಡುವವರ ಕೈ ನನ್ನ ಎದುರು ಬಂದು ಒಂದು ಗಳಿಗೆ ನಿಲ್ತದೆ. ಕೊಡುದಾ ಬೇಡವಾ ಅಂತ ಅವರಿಗೂ ಗೊತ್ತಿಲ್ಲ, ತಗೊಳ್ಳುದಾ ಬೇಡವಾ ಅಂತ ನನಗೂ ಗೊತ್ತಿಲ್ಲ. ಹಾಗಾಗಿ ಈಗ ಹೋಗುದೇ ಬಿಟ್ಟಿದ್ದೇನೆ. ಮನೆ ಹೋದರೆ ಹೋಗಲಿ. ಸತ್ತಿದ್ದರೆ ಎಡೆ ಇಡ್ತೇನೆ. ಬದುಕಿದ್ದರೆ ಎದುರು ನಿಂತು ಬೈತೇನೆ. ಎರಡರಲ್ಲಿ ಒಂದು ಹೇಳಿ ನೀವು. ಅಷ್ಟೇ ನನಗೆ ಬೇಕಾದ್ದು."

ಮೋಹಿನಿ ಸ್ಕೂಟರ್ ಹತ್ತುವಾಗ ದೇವಮ್ಮ ಕಲ್ಲಿನ ಹೆಸರುಗಳ ಪಕ್ಕ ನಿಂತು ಅವಳು ಕಣ್ಮರೆಯಾಗುವವರೆಗೂ ನೋಡುತ್ತಿದ್ದಳು.

*

ಬೆಟ್ಟಂಪಾಡಿ ತಲುಪುವಾಗ ಮೂರು ಗಂಟೆ. ಡ್ರೈವರ್ ದೇವದಾಸನ ಮನೆಯಂಗಳದಲ್ಲಿ ವ್ಯಾನು ನಿಂತಿತ್ತು, ಬಾನೆಟ್ಟು ಇನ್ನೂ ಬಿಸಿಯಿತ್ತು.

"ಬನ್ನಿ ಮೇಡಂ," ಎಂದು ಅವನು ಜಗಲಿಗೆ ಕರೆದ. ಐವತ್ತೈದರ ಆಸುಪಾಸು, ಕೃಶ ದೇಹ, ಮೂರು ದಿನದ ಗಡ್ಡ. "ನಾಲ್ಕು ಗಂಟೆಯವರೆಗೆ ಬಾಡಿಗೆ ಇತ್ತು. ಪಾರ್ಟಿಯವರು ಬೇಡ ಅಂದರು, ಬೇಗ ಬಂದೆ. ನೀವು ಬರ್ತೀರಿ ಅಂತ ಗೊತ್ತಿದ್ದರೆ..."

"ಗೊತ್ತಿದ್ದರೆ ಎಂತ ಮಾಡ್ತಿದ್ದೆ?"

ಅವನು ನೀರು ತರಲು ಒಳಗೆ ಹೋದ.

ಮೋಹಿನಿ ಜಗಲಿಯಲ್ಲಿ ಕೂತು ಸುತ್ತ ಕಣ್ಣು ಹಾಯಿಸಿದಳು. ಹೆಂಡತಿ ತೀರಿಹೋಗಿ ಆರು ವರ್ಷವಾದ, ಮಕ್ಕಳಿಲ್ಲದ ಮನೆ. ಹಗ್ಗದಲ್ಲಿ ಒಂದೇ ಲುಂಗಿ, ಮೂಲೆಯಲ್ಲಿ ಒಂದೇ ಜೊತೆ ಚಪ್ಪಲಿ. ಆದರೆ ಅಡುಗೆಮನೆಯ ಕಿಟಕಿಯ ಕಟ್ಟೆಯಲ್ಲಿ ತೊಳೆದು ಕವುಚಿದ ಒಂದು ಚಾ ಲೋಟ, ಅದರ ಪಕ್ಕದಲ್ಲೇ ಇನ್ನೊಂದು ಲೋಟ ಕವುಚಿಡುವ ದುಂಡು ಕಲೆ.

ಒಬ್ಬರೇ ಇರುವ ಮನೆಯಲ್ಲಿ ಒಂದೇ ಲೋಟ ಹೊರಗಿರುತ್ತದೆ. ಕುಡಿಯುವುದು, ತೊಳೆಯುವುದು, ಕವುಚುವುದು, ಮತ್ತೆ ಅದನ್ನೇ ತೆಗೆಯುವುದು. ಉಳಿದವು ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಈ ಪಾಠವನ್ನು ಮೋಹಿನಿಗೆ ಯಾವ ಪೊಲೀಸ್ ತರಬೇತಿಯೂ ಕಲಿಸಬೇಕಾಗಿರಲಿಲ್ಲ.

ಅವನು ಬಂದು ಕೂತೊಡನೆ ಶೀಟನ್ನು ನಡುವೆ ಬಿಡಿಸಿ ಇಟ್ಟಳು.

"ಮೂಲೆ ಕತ್ತರಿಸಿದೆ ದೇವದಾಸ. ಹಲ್ಲು ಮುರಿದದ್ದನ್ನು ಹೇಗೆ ಕತ್ತರಿಸುದು?"

ದೇವದಾಸನ ಕೈಯಿಂದ ನೀರಿನ ಚೆಂಬು ಕೆಳಗೆ ಬೀಳಲಿಲ್ಲ. ಅವನು ಅದನ್ನು ಬಹಳ ಜಾಗ್ರತೆಯಿಂದ ನೆಲಕ್ಕಿಟ್ಟ.

"ದೇವಮ್ಮ ನೋಡಿದರಾ?"

"ನೋಡಿದರು. ಅವರದ್ದೇ ಮೆಷಿನ್ ಅಂದರು. ಅದು ನಿನ್ನಲ್ಲಿಗೆ ಹೇಗೆ ಬಂತು? ಕದ್ದದ್ದಾ?"

"ಕದ್ದಿದ್ದರೆ ಒಳ್ಳೆಯದಿತ್ತು ಅಕ್ಕ," ಎಂದ. ಮೇಡಂ ಹೋಗಿ ಅಕ್ಕ ಆಗಿತ್ತು. "ದುಗ್ಗಪ್ಪ ನನಗೆ ಶಾಲೆಯಿಂದಲೇ ದೋಸ್ತಿ. ಗುಡ್ಡೆ ಜರಿಯುವ ಹಿಂದಿನ ದಿವಸ ಬೆಳಿಗ್ಗೆ ಫೋನ್ ಮಾಡಿದ. ಗುಡ್ಡೆಯ ಒಳಗೆ ನೀರು ಹೋಗುವ ಶಬ್ದ ಕೇಳ್ತದೆ ಮಾರಾಯ, ನನಗೆ ಧೈರ್ಯ ಇಲ್ಲ, ವ್ಯಾನು ತಗೊಂಡು ಬಾ ಅಂದ. ಹೋದೆ. ಮೊದಲು ಮೆಷಿನ್ ಸಾಗಿಸು ಅಂದ. ಅದೊಂದು ಉಳಿದರೆ ಹೆಂಡತಿ ಮಗಳಿಗೆ ಗಂಜಿಗೆ ತೊಂದರೆ ಇಲ್ಲ ಅಂದ."

"ಮತ್ತೆ?"

"ಸಂಜೆ ಪುನಃ ಬಾ, ಮನೆಸಾಮಾನು, ನಾಯಿ, ನಾನು, ಎಲ್ಲ ಒಂದೇ ಟ್ರಿಪ್ಪಿನಲ್ಲಿ ಹೋಗುವ ಅಂದ."

"ಸಂಜೆ ಹೋದೆಯಾ?"

ದೇವದಾಸ ಅಂಗಳದಲ್ಲಿ ನಿಂತ ವ್ಯಾನನ್ನೇ ನೋಡುತ್ತಿದ್ದ.

"ದೇವದಾಸ, ಸಂಜೆ ಹೋದೆಯಾ?"

"ಕಾಸರಗೋಡಿಗೆ ಬಾಳೆಗೊನೆಯ ಬಾಡಿಗೆ ಬಂತು. ಒಳ್ಳೆ ಬಾಡಿಗೆ. ನಾಳೆ ಬೆಳಿಗ್ಗೆ ಹೋದರಾಯಿತು ಅಂತ ಗ್ರಹಿಸಿದೆ. ಫೋನ್ ಮಾಡಿ ಹೇಳಿದೆ ಅವನಿಗೆ. ಆಗಲಿ ಮಾರಾಯ, ಒಂದು ರಾತ್ರಿ ಅಲ್ಲವಾ ಅಂದ." ಅವನ ದನಿ ಒಡೆಯಿತು. "ಎರಡು ಗಂಟೆಗೆ ಗುಡ್ಡೆ ಬಂತಂತೆ."

ಮೋಹಿನಿ ನೀರಿನ ಚೆಂಬನ್ನು ಅವನ ಕಡೆಗೆ ಸರಿಸಿದಳು.

"ಮೆಷಿನ್ ದೇವಮ್ಮನಿಗೆ ಕೊಡಬಹುದಿತ್ತು."

"ಕೊಟ್ಟರೆ ಹೇಗೆ ಬಂತು ಅಂತ ಹೇಳಬೇಕಲ್ಲ ಅಕ್ಕ. ಎಷ್ಟು ಸಲ ವ್ಯಾನಿಗೆ ಹಾಕಿದ್ದೇನೆ, ಕಡಬದವರೆಗೂ ಹೋಗಿ ತಿರುಗಿಸಿಕೊಂಡು ಬಂದಿದ್ದೇನೆ. ಕಡೆಗೆ ಆದಿತ್ಯವಾರದ ರಬ್ಬರ್ ಹಾಲು ಆ ಮೆಷಿನಿಗೆ ಅಂತ ಬಿಟ್ಟೆ. ಅದರಲ್ಲಿ ಮಾಡಿದ ಶೀಟು ನನ್ನದಲ್ಲ, ದುಗ್ಗಪ್ಪನದ್ದು. ಅವನದ್ದೇ ಗುರುತು ಹಾಕುದು, ಮೂರು ತೂತು, ಕೆಳಗೆ ಒಂದು. ಒಣಗಿದ ಮೇಲೆ ಮೂಲೆ ಕತ್ತರಿಸುದು. ಮಂಗಳವಾರ ಸಮಿತಿಯ ರಾಶಿಗೆ ಹಾಕುದು."

ಮೋಹಿನಿ ಈ ಮನುಷ್ಯನನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಈಗ ಅವಳಿಗೆ ಕಂಡದ್ದು ಬೇರೆ. ನೆಲ್ಲಿಮಜಲಿನ ಆ ಮನೆಯಲ್ಲಿ ಒಬ್ಬ ಗಂಡಸು ಸಾಮಾನು ಕಟ್ಟಿಟ್ಟುಕೊಂಡು, ಕಾಲಬುಡದಲ್ಲಿ ನಾಯಿಯನ್ನು ಕೂರಿಸಿಕೊಂಡು, ಬಾರದ ವ್ಯಾನಿಗೆ ಕಾಯುತ್ತಾ ಕೂತಿದ್ದಾನೆ. ಅವನು ಓಡಿಹೋಗಲಿಲ್ಲ. ಯಾರನ್ನೂ ಬಿಟ್ಟು ಹೋಗಲಿಲ್ಲ. ಹೆಂಡತಿ ಮಗಳಿಗೆಂದು ಮೆಷಿನ್ ಮೊದಲು ಕಳಿಸಿ ತಾನು ಹಿಂದೆ ಉಳಿದ.

ಇದನ್ನು ದೇವಮ್ಮನಿಗೆ ಒಂದು ನಿಮಿಷವೂ ತಡಮಾಡದೆ ಹೇಳಬೇಕೆನಿಸಿತು ಅವಳಿಗೆ. ಕೆಲಸದಲ್ಲಿದ್ದಾಗ ಮೋಹಿನಿ ಹೀಗೆ ಮಾಡಿದವಳಲ್ಲ. ಎಲ್ಲವನ್ನೂ ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ, ಆಮೇಲೆ ಬಾಯಿ ಬಿಡುವವಳು. ಮೆಷಿನನ್ನೇ ಇನ್ನೂ ನೋಡಿರಲಿಲ್ಲ. ಆದರೆ ಕಲ್ಲಿನ ಹೆಸರುಗಳ ಪಕ್ಕ ನಿಂತ ಆ ಹೆಂಗಸು ಕಣ್ಣೆದುರಿನಿಂದ ಹೋಗಲೊಲ್ಲಳು. ಕಾಯುವುದೆಂದರೆ ಏನೆಂದು ಇವಳಿಗೂ ಗೊತ್ತಿತ್ತು. ಫೋನ್ ತೆಗೆದು ಅಂಗಳಕ್ಕಿಳಿದಳು.

"ದೇವಮ್ಮ, ಮೋಹಿನಿ ಮಾತಾಡುದು. ಕೂತುಕೊಳ್ಳಿ... ಅವರು ಎಲ್ಲಿಗೂ ಹೋಗಲಿಲ್ಲ. ಮನೆಯಲ್ಲಿಯೇ ಇದ್ದರು. ನಿಮಗೆ ಬೇಕು ಅಂತ ಮೆಷಿನ್ ಮೊದಲು ಕಳಿಸಿದರು, ಅವರು ಉಳಿದರು. ಎಡೆ ಇಡಿ ದೇವಮ್ಮ."

ಆ ಕಡೆ ಉಸಿರು ಮಾತ್ರ ಕೇಳಿಸಿತು. ಬಹಳ ಹೊತ್ತಿನ ಮೇಲೆ, "ಆಯಿತು ಅಕ್ಕ," ಎಂದಿತು ದನಿ. ಫೋನ್ ಕಟ್ಟಾಯಿತು.

ಮೋಹಿನಿ ಜಗಲಿಗೆ ಮರಳಿದಳು. ಎದೆ ಭಾರವಾಗಿತ್ತು, ಆದರೆ ಕೆಲಸ ಮುಗಿದ ಸಮಾಧಾನವೂ ಇತ್ತು.

"ಬುಧವಾರ ಮೇಷ್ಟ್ರ ಎದುರು ಬಂದು ಇದನ್ನೇ ಹೇಳು ದೇವದಾಸ. ದೇವಮ್ಮನ ಮನೆ ಉಳೀತದೆ. ವಾರಕ್ಕೆ ನಾಲ್ಕು ಶೀಟು ಕೊಟ್ಟದ್ದಕ್ಕಿಂತ ಅದು ದೊಡ್ಡದು."

"ಬರ್ತೇನೆ ಅಕ್ಕ. ಆದರೆ..." ಅವನು ಉಗುರು ನೋಡಿಕೊಂಡ. "ನಾಲ್ಕು ಅಲ್ಲ. ನಾನು ಕೊಡುದು ಎರಡು."

"ಎಂತ?"

"ಒಬ್ಬನೇ ಹಿಡಿಯಬೇಕು, ಒಬ್ಬನೇ ತಿರುಗಿಸಬೇಕು. ಎರಡಾಗುವಾಗ ಸೊಂಟ ಬಿಡ್ತದೆ. ನಾಲ್ಕು ಡಿಶ್ಶು ತಟ್ಟೆಯಲ್ಲಿ ಹಾಲು ಹೆಪ್ಪಿಗಿಟ್ಟರೂ ಸೋಮವಾರ ಬೆಳಿಗ್ಗೆ ಎರಡು ಶೀಟು ಮಾಡಿ ಬಾಡಿಗೆಗೆ ಹೋಗುದು, ಉಳಿದ ಎರಡು ಸಂಜೆಗೆ ಹಾಳಾಗಿ ಹೋಗ್ತಿತ್ತು. ಈಗ ಆರು ತಿಂಗಳಿಂದ ಸಂಜೆ ಬಂದು ನೋಡುವಾಗ ಆ ಎರಡೂ ಶೀಟಾಗಿ ಹಗ್ಗದಲ್ಲಿ ನೇತಾಡ್ತಿರ್ತದೆ."

ಮೋಹಿನಿಯ ಕಣ್ಣು ತಾನಾಗಿಯೇ ಕಿಟಕಿಯ ಕಟ್ಟೆಗೆ ಹೋಯಿತು. "ಆ ಎರಡನೇ ಲೋಟ ಯಾರದ್ದು?"

"ಮೊದಲನೇ ವಾರ ಹೆದರಿ ಜ್ವರ ಬಂತು. ಎರಡನೇ ವಾರ, ಸತ್ತವರಿಗೆ ಬಡಿಸುವ ಹಾಗೆ, ಮೆಷಿನಿನ ಹತ್ತಿರ ಒಂದು ಲೋಟ ಚಾ ಇಟ್ಟು ಹೋದೆ. ಬಂದು ನೋಡಿದರೆ ಲೋಟ ತೊಳೆದು ಕವುಚಿ ಇತ್ತು. ಆಮೇಲೆ ಪ್ರತಿ ಸೋಮವಾರ ಇಡ್ತೇನೆ. ಯಾರಲ್ಲಿಯೂ ಹೇಳಲಿಲ್ಲ. ಆರು ವರ್ಷದಿಂದ ಈ ಮನೆಗೆ ಚಾ ಕುಡೀಲಿಕ್ಕೆ ಯಾರೂ ಬರಲಿಲ್ಲ ಅಕ್ಕ. ದುಗ್ಗಪ್ಪನ ಕುಲೆ, ಪ್ರೇತವೇ ಆದರೂ ಬರಲಿ ಅಂತ ಅನಿಸಿತು."

ಮೋಹಿನಿ ಎದ್ದು ನಿಂತಳು.

"ಸತ್ತವರು ಲೋಟ ತೊಳೆದಿಡುದಿಲ್ಲ ದೇವದಾಸ," ಎಂದಳು. "ಮೆಷಿನ್ ತೋರಿಸು."

ಅವನು ಮುಂದೆ, ಅವಳು ಹಿಂದೆ. ಮನೆಯ ಪಕ್ಕದಿಂದ ಹಿಂದಕ್ಕೆ ಸುತ್ತಿದರು. ತಗಡಿನ ಮಾಡಿನ ಅಡಿ ಮೆಷಿನ್ ನಿಂತಿತ್ತು. ಅದರಾಚೆ ಗೇರು ಗುಡ್ಡೆ.

ನಾಲ್ಕು ಡಿಶ್ಶುಗಳೂ ಖಾಲಿಯಾಗಿ ಗೋಡೆಗೆ ಒರಗಿದ್ದವು. ಹಗ್ಗದಲ್ಲಿ ನಾಲ್ಕು ಶೀಟು. ಎರಡು ಬೆಳಿಗ್ಗೆಯವು, ನೀರಾರಿ ನಿಂತಿದ್ದವು. ಇನ್ನೆರಡು ಹಾಲಿನಷ್ಟು ಬೆಳ್ಳಗೆ, ತೊಟ ತೊಟ ನೀರು ಸುರಿಸುತ್ತಿದ್ದವು. ಮೆಷಿನಿನ ಹಿಡಿಕೆ ಒದ್ದೆ. ಕಲ್ಲಿನ ಮೇಲೆ ಲೋಟ, ಅದರಲ್ಲಿ ಅರ್ಧ ಚಾ.

ದೇವದಾಸ ಇವತ್ತು ಒಂದು ಗಂಟೆ ಬೇಗ ಬಂದಿದ್ದ. ಇವರಿಬ್ಬರೂ ಜಗಲಿಯಲ್ಲಿ ಮಾತಾಡುತ್ತಿದ್ದಾಗ ಹಿಂದೆ ಇಲ್ಲಿ ಶೀಟು ಆಗುತ್ತಿತ್ತು.

ಮೋಹಿನಿ ರೋಲರಿನ ಮೇಲೆ ಬೆರಳಾಡಿಸಿ ಮುರಿದ ಹಲ್ಲನ್ನು ಮುಟ್ಟಿದಳು. ಆಮೇಲೆ ಒದ್ದೆ ಶೀಟಿನ ಮೂಲೆ ಎತ್ತಿ ನೋಡಿದಳು.

ಎಡ ಮೂಲೆಯಲ್ಲಿ ಎರಡೇ ತೂತು, ಒಂದಕ್ಕೊಂದು ಒತ್ತಿಕೊಂಡು. ಮೂರನೆಯದು ಅಲ್ಲಿರಲಿಲ್ಲ. ಶೀಟಿನ ಆಚೆ ತುದಿಯ ಬಲ ಮೂಲೆಯಲ್ಲಿ ಅದು ಒಂಟಿಯಾಗಿತ್ತು, ಅದರ ಕೆಳಗೆ ಇನ್ನೊಂದು.

ಅವಳಿಗೆ ಓದಲು ಕಷ್ಟವಾಗಲಿಲ್ಲ. ತಾಯಿ ಮಗಳು ಇಲ್ಲಿ. ಇಷ್ಟು ದೂರದಲ್ಲಿ ತಾನು. ಕಾಲಬುಡದಲ್ಲಿ ನಾಯಿ. ಪ್ರತಿ ಸೋಮವಾರ ದುಗ್ಗಪ್ಪ ತನ್ನ ಹೆಂಡತಿಗೆ ಎರಡು ಶೀಟು ಕೊಟ್ಟು, ತಾನೆಲ್ಲಿದ್ದೇನೆಂದು ಆಣಿಯಿಂದ ಬರೆದು ಹೋಗುತ್ತಿದ್ದ. ದೇವದಾಸ ಹೆದರಿ ಅದನ್ನು ಕತ್ತರಿಸಿ ಒಲೆಗೆ ಹಾಕುತ್ತಿದ್ದ. ದುಗ್ಗಪ್ಪ ಯಾಕೆ ಎದುರು ಬರಲಿಲ್ಲವೆಂದು ಮಾತ್ರ ಆ ಮೂಲೆಗಳು ಹೇಳುತ್ತಿರಲಿಲ್ಲ.

ಮೋಹಿನಿ ದೇವಮ್ಮನಿಗೆ ಫೋನ್ ಮಾಡಿದಳು. ರಿಂಗ್ ಹೋಯಿತು, ಹೋಯಿತು, ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಮೂರನೇ ಸಲಕ್ಕೆ ದನಿ ಕೇಳಿಸಿತು.

"ಸ್ನಾನಕ್ಕೆ ಹೋಗಿದ್ದೆ ಅಕ್ಕ." ದೇವಮ್ಮನ ದನಿ ಶಾಂತವಾಗಿತ್ತು. "ಕರಿಮಣಿ ತೆಗೆದಿಟ್ಟೆ. ಯಶಸ್ವಿಗೂ ಫೋನ್ ಮಾಡಿ ಹೇಳಿದೆ. ಇಬ್ಬರೂ ಅತ್ತೆವು. ಎರಡು ವರ್ಷ ಅಳ್ಲಿಕ್ಕೂ ಧೈರ್ಯ ಇರಲಿಲ್ಲ ನೋಡಿ. ಈಗ ಎಡೆಗೆ ಅಕ್ಕಿ ಹಾಕ್ತಾ ಇದ್ದೇನೆ. ನಿಮ್ಮ ಋಣ ದೊಡ್ಡದು."

"ದೇವಮ್ಮ..."

ಏನೆಂದು ಹೇಳುವುದು? ನಾನು ನೋಡದೆ ಹೇಳಿದೆ, ಬೆಂಕಿ ಆರಿಸಿ, ಕರಿಮಣಿ ಪುನಃ ಹಾಕಿಕೊಳ್ಳಿ ಎಂದೇ? ಹಾಗೆ ಹೇಳಿದರೆ ಬುಧವಾರ ಅವಳ ಮನೆ ಹೋಗುತ್ತದೆ. ಹೇಳದಿದ್ದರೆ ಬದುಕಿದವನಿಗೆ ಎಡೆ ಬೀಳುತ್ತದೆ.

ಗೇರು ಗುಡ್ಡೆಯ ಕಡೆಯಿಂದ ತರಗೆಲೆ ಸದ್ದಾಯಿತು. ಅದರ ಬೆನ್ನಿಗೇ ನಾಯಿಯೊಂದು ಬೊಗಳಿತು. ಮೂರು ಸಲ, ಮುದುಕನೊಬ್ಬ ಕೆಮ್ಮಿದ ಹಾಗೆ.

ಮೋಹಿನಿ ಫೋನನ್ನು ಕೈಯಿಂದ ಮುಚ್ಚಿದಳು. ತಡವಾಗಿತ್ತು.

ಆ ಕಡೆ ಏನೋ ಪಾತ್ರೆ ಕೆಳಗೆ ಬಿದ್ದ ಸದ್ದು ಕೇಳಿಸಿತು.

"ಅಕ್ಕ," ಎಂದಳು ದೇವಮ್ಮ. "ಅದು ನಮ್ಮ ಬೊಳ್ಳುವಿನ ಸ್ವರ. ನೀವು ಎಲ್ಲಿದ್ದೀರಿ?"